ಬ್ಯಾನರಿನ ಓರೆ ದಪ್ಪಕ್ಷರ: ಕನ್ನಡಕ್ಕೆ ಹೊಂದಿಸುವ ಬಗೆ

ಶಿರಸಿಯಿಂದ ಕುಮಟೆಗೆ ಇಳಿಯುವ ರಸ್ತೆಯ ಪಕ್ಕದಲ್ಲಿ ಕಟ್ಟಿದ ಕಬಡ್ಡಿ ಪಂದ್ಯದ ಬ್ಯಾನರನ್ನು ಓದಲು ಬಸ್ಸಿನ ಕಿಟಕಿಯಲ್ಲಿ ಕುಳಿತವರಿಗೆ ಎರಡು ಮೂರು ಕ್ಷಣಕ್ಕಿಂತ ಹೆಚ್ಚು ಸಿಗುವುದಿಲ್ಲ. ಅಷ್ಟರೊಳಗೆ ಒಂದೇ ಒಂದು ಪದವನ್ನು ಅವರ ಕಣ್ಣಿಗೆ ಮುಟ್ಟಿಸಬೇಕಾದಾಗ ಬಲಕ್ಕೆ ಬಾಗಿದ, ತುದಿಗಳಲ್ಲಿ ಅಡ್ಡಗೆರೆಗಳಿಲ್ಲದ ದಪ್ಪಕ್ಷರ, ಅಂದರೆ ಬೋಲ್ಡ್ ಇಟ್ಯಾಲಿಕ್ ಸ್ಯಾನ್ಸ್ ಸೆರಿಫ್, ಉಪಯೋಗಕ್ಕೆ ಬರುತ್ತದೆ. ದಪ್ಪವು ಅದರ ದನಿಯನ್ನು ಏರಿಸಿದರೆ ಓರೆಯು ಅದಕ್ಕೆ ಓಟ ಕೊಡುತ್ತದೆ. ಪಂದ್ಯಾವಳಿ, ಬಸ್ಸಿನ ಹಿಂದಿನ ಗಾಜು, ಕಾರವಾರದ ಬಂದರಿನಲ್ಲಿ ನಿಲ್ಲುವ ಮೀನುಗಾರಿಕೆ ದೋಣಿಯ ಹೆಸರು, ಇವಕ್ಕೆಲ್ಲ ಅದು ಒಪ್ಪುತ್ತದೆ. ಶ್ರದ್ಧಾಂಜಲಿಯ ಬ್ಯಾನರಿನಲ್ಲಿ ಕಂಡಾಗ ಮಾತ್ರ, ತೀರಿಕೊಂಡವರು ಬಸ್ಸು ಹಿಡಿಯಲು ಓಡುತ್ತಿರುವಂತೆ ನನಗೆ ತೋರಿದ್ದುಂಟು.

ಇಟ್ಯಾಲಿಕ್ ಹುಟ್ಟಿದ್ದು ರೋಮನ್ ಲಿಪಿಯಲ್ಲಿ. ವೆನಿಸ್ಸಿನ ಆಲ್ಡಸ್ ಮನೂಶಿಯಸ್ 1501ರಲ್ಲಿ ಕೈಬರಹವನ್ನು ಹೋಲುವ ಆ ಅಚ್ಚಿನಲ್ಲಿ ಪುಸ್ತಕ ಮುದ್ರಿಸಿದನು. ಕನ್ನಡ ಮುದ್ರಣದಲ್ಲಿ ಅಂಥ ಪರಂಪರೆ ಬೆಳೆಯಲಿಲ್ಲವಾದ್ದರಿಂದ, ಬಹುತೇಕ ಕನ್ನಡ ಫಾಂಟುಗಳಲ್ಲಿ ಇಟ್ಯಾಲಿಕ್ ಗುಂಡಿ ಒತ್ತಿದರೆ ತಂತ್ರಾಂಶವು ನೇರ ಅಕ್ಷರವನ್ನೇ ತಳ್ಳಿ ಓರೆ ಮಾಡುತ್ತದೆ. ಹಾಗೆ ತಳ್ಳಿದಾಗ ದುಂಡಗಿನ ಗೆರೆಯು ಬಲಗಡೆಯ ಮೇಲ್ಮೂಲೆಯಲ್ಲಿ ಮತ್ತು ಎಡಗಡೆಯ ಕೆಳಮೂಲೆಯಲ್ಲಿ ಉಬ್ಬಿ, ಉಳಿದೆರಡು ಮೂಲೆಗಳಲ್ಲಿ ಸೊರಗುತ್ತದೆ. ಮೈಯೆಲ್ಲ ದುಂಡಗಿರುವ ನಮ್ಮ ಲಿಪಿಯಲ್ಲಿ ಈ ದೋಷ ಬೇಗ ಕಣ್ಣಿಗೆ ಬೀಳುತ್ತದೆ.

ಆದ್ದರಿಂದ ಗುಂಡಿಯನ್ನು ನಂಬದೆ, ‘ಬಲೂ ತಮ್ಮ’ ಎಂಬ ಕನ್ನಡ ಫಾಂಟಿನಂಥ ದಪ್ಪ ಫಾಂಟಿನಲ್ಲಿ ಪದವನ್ನು ಟೈಪಿಸಿ, ಕೋರೆಲ್‌ಡ್ರಾ ಅಥವಾ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅದನ್ನು ಆಕೃತಿಯಾಗಿ ಪರಿವರ್ತಿಸಿ, ಬಳಿಕ ನೀವೇ ಓರೆ ಮಾಡಿರಿ. ರೋಮನ್ ಲಿಪಿಯ ಹೆಲ್ವೆಟಿಕಾ ಫಾಂಟಿನ ಓರೆ ರೂಪ 12 ಡಿಗ್ರಿ ಬಾಗಿದೆ. ಕನ್ನಡಕ್ಕೆ 8ರಿಂದ 10 ಸಾಕೆಂದು ನನ್ನ ಅಭಿಪ್ರಾಯ. 10 ಡಿಗ್ರಿಗೆ ಒಂದು ಅಡಿ ಎತ್ತರದ ಅಕ್ಷರದ ತಲೆ ಸುಮಾರು ಎರಡು ಇಂಚು ಮುಂದೆ ಸರಿಯುತ್ತದೆ, ಅದರ ಕೆಳಗೆ ಅರ್ಧ ಅಡಿ ಇಳಿದ ಒತ್ತಕ್ಷರದ ಬುಡ ಒಂದು ಇಂಚು ಹಿಂದೆ ಹೋಗುತ್ತದೆ.

‘ಸ್ಪರ್ಧೆ’ ಎಂಬ ಪದವನ್ನೇ ತೆಗೆದುಕೊಳ್ಳಿ. ಓರೆ ಮಾಡಿದೊಡನೆ ‘ಪ’ ಒತ್ತು ‘ಸ’ದ ಹೊಟ್ಟೆಯಡಿಗೆ ಸರಿದು, ಅದರ ಬಲಕ್ಕೆ ಖಾಲಿ ಜಾಗ ಬೀಳುತ್ತದೆ, ಒತ್ತನ್ನಷ್ಟೇ ಹಿಡಿದು ಸ್ವಲ್ಪ ಬಲಕ್ಕೆ ತರಬೇಕು. ಅದಕ್ಕಿಂತ ದೊಡ್ಡ ತೊಂದರೆ ‘ಧ’ದ ಹೊಟ್ಟೆಸೀಳಿನದು. ದಪ್ಪ ಹೆಚ್ಚಿದಷ್ಟೂ ಆ ಸೀಳು ಮುಚ್ಚುತ್ತ ಬರುತ್ತದೆ, ಮೇಲಿಂದ ಔಟ್‌ಲೈನ್ ಹಾಕಿದರೆ ಪೂರ್ತಿ ಅಡಗುತ್ತದೆ. ಒಮ್ಮೆ ನಾನು ಮಾಡಿಕೊಟ್ಟ ಬ್ಯಾನರಿನಲ್ಲಿ ಹೀಗೆಯೇ ‘ಸ್ಪರ್ದೆ’ ಎಂದಾಗಿ, ಊರಿನ ಮಾಸ್ತರರೊಬ್ಬರು ಪಂದ್ಯ ಮುಗಿಯುವವರೆಗೂ ಅದನ್ನು ಬಿಡದೆ ನೆನಪಿಸಿದರು. ಸೀಳನ್ನು ಮೂಲ ಫಾಂಟಿನಲ್ಲಿರುವುದಕ್ಕಿಂತ ಅಗಲವಾಗಿ ಬಿಡಿಸಿರಿ, ಅರ್ಕಾವೊತ್ತಿನ ಸುರುಳಿಯೊಳಗಿನ ಬೆಳಕನ್ನೂ ಹಾಗೆಯೇ ಹಿಗ್ಗಿಸಿರಿ, ಔಟ್‌ಲೈನನ್ನು ಅಕ್ಷರದ ಹಿಂದಿನ ಪದರದಲ್ಲಿ ಇಡಿರಿ.

ಈ ಅಕ್ಷರ ಒಂದು ಪದಕ್ಕೆ, ಹೆಚ್ಚೆಂದರೆ ಎರಡಕ್ಕೆ. ದಿನಾಂಕ, ಸ್ಥಳ, ಬಹುಮಾನದ ಮೊತ್ತ ನೇರವಾದ ಸಾಧಾರಣ ಅಕ್ಷರದಲ್ಲಿರಲಿ. ಫ್ಲೆಕ್ಸಿಗೆ ಕೊಡುವ ಮೊದಲು ಎ4 ಹಾಳೆಯಲ್ಲಿ ಮುದ್ರಿಸಿ ಅಂಗಡಿಯ ಗೋಡೆಗೆ ಅಂಟಿಸಿ, ರಸ್ತೆಯಾಚೆ ನಿಂತು ‘ಧ’ವನ್ನು ಹುಡುಕಿರಿ, ‘ದ’ ಕಂಡರೆ ಮರಳಿ ಹೋಗಿ ಸೀಳನ್ನು ಇನ್ನಷ್ಟು ಬಿಡಿಸಿರಿ.