ಮೆಟ್ಟಿಲ ಮೇಲೆ ಕೂತವರಿಗೊಂದು ಜಾಗ

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಎರಡನೇ ಮಹಡಿಗೆ ಹತ್ತುವ ಮೆಟ್ಟಿಲ ತಿರುವಿನಲ್ಲಿ ಯಾವಾಗಲೂ ನಾಲ್ಕೈದು ಹುಡುಗ ಹುಡುಗಿಯರು ಕೂತಿರುತ್ತಿದ್ದರು. ಒಂದು ಲ್ಯಾಪ್‌ಟಾಪ್, ಅದರ ಸುತ್ತ ನಾಲ್ಕು ತಲೆ. ನಾವು ಎಬ್ಬಿಸಿ ಕಳಿಸುತ್ತಿದ್ದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಅಲ್ಲೇ. ವರ್ಷಗಟ್ಟಲೆ ಇದೇ ಆಟ. ಒಳಗೆ ಕುರ್ಚಿ ಖಾಲಿ ಇದ್ದರೂ ಇವರು ನೆಲದ ಮೇಲೆ ಯಾಕೆ ಕೂರುತ್ತಾರೆ ಅಂತ ನನಗೆ ಹೊಳೆದದ್ದೇ ತಡವಾಗಿ.

ಒಂದು ದಿನ ಎಬ್ಬಿಸುವ ಬದಲು ಕೇಳಿದೆ. "ಒಳಗೆ ಮಾತಾಡೋಕೆ ಬಿಡಲ್ವಲ್ಲ ಮೇಡಂ, ನಮ್ದು ಗ್ರೂಪ್ ಪ್ರಾಜೆಕ್ಟ್" ಅಂದಳು ಒಬ್ಬಳು. ಇನ್ನೊಬ್ಬ ಸುಮ್ನೆ ಗೋಡೆ ತೋರಿಸಿದ. ಅಲ್ಲೊಂದು ಪ್ಲಗ್ ಪಾಯಿಂಟ್ ಇತ್ತು. ನೆಲ ಒರೆಸುವ ಯಂತ್ರಕ್ಕೆ ಅಂತ ಯಾವಾಗಲೋ ಹಾಕಿಸಿದ್ದು. ಇಡೀ ಮಹಡಿಯಲ್ಲಿ ವಿದ್ಯಾರ್ಥಿಗಳ ಕೈಗೆ ಸಿಗುವ ಪ್ಲಗ್ ಇದ್ದದ್ದು ಅದೊಂದೇ. ಮಾತಾಡಬಹುದಾದ ಜಾಗ, ಒಂದು ಪ್ಲಗ್. ಅವರ ಬೇಡಿಕೆ ಅಷ್ಟೇ ಆಗಿತ್ತು.

ಒಟ್ಟಿಗೆ ಕೂತು ಕಲಿಯುವ ಜಾಗ ಮಾಡೋಣ ಅಂತ ಹೊರಟಾಗ ಮೊದಲು ಬೇರೆ ಕಡೆಯ ಫೋಟೋಗಳನ್ನು ನೋಡಿದೆವು. 1990ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು 'ಇನ್‌ಫರ್ಮೇಷನ್ ಕಾಮನ್ಸ್' ಅಂತ ಗ್ರಂಥಾಲಯದೊಳಗೆ ಎಲ್ಲರೂ ಬಳಸುವ ಕಲಿಕೆಯ ಜಾಗಗಳನ್ನು ಶುರುಮಾಡಿದಾಗ ಅಲ್ಲಿ ಮುಖ್ಯವಾಗಿ ಇದ್ದದ್ದು ಕಂಪ್ಯೂಟರ್‌ಗಳ ಸಾಲು. ಆಗ ಅದು ಸರಿಯೇ, ವಿದ್ಯಾರ್ಥಿಗಳ ಹತ್ತಿರ ಲ್ಯಾಪ್‌ಟಾಪ್ ಎಲ್ಲಿತ್ತು? ನಮ್ಮ ಸಮಿತಿಯಲ್ಲೂ ಕೆಲವರು "ಮೂವತ್ತು ಕಂಪ್ಯೂಟರ್ ತರಿಸೋಣ" ಅಂದರು. ಆ ದುಡ್ಡನ್ನು ವೈರಿಂಗ್‌ಗೆ ಹಾಕೋಣ ಅಂತ ನಾನು ಹಟ ಹಿಡಿದೆ.

ನಮಗೆ ದಾರಿ ತೋರಿಸಿದ್ದು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಗ್ರಂಥಾಲಯದವರು. 2004ರಲ್ಲಿ ಅವರು ಒಬ್ಬ ಮಾನವಶಾಸ್ತ್ರಜ್ಞೆಯ ಜೊತೆ ಸೇರಿ, ವಿದ್ಯಾರ್ಥಿಗಳು ನಿಜವಾಗಿ ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡಲು ಶುರುಮಾಡಿದ್ದರು. ಕೈಗೆ ಕ್ಯಾಮೆರಾ ಕೊಟ್ಟರು, ನಿಮಗೆ ಬೇಕಾದ ಗ್ರಂಥಾಲಯದ ಚಿತ್ರ ಬರೆಯಿರಿ ಅಂದರು. ಕ್ಯಾಮೆರಾ ಬಿಟ್ಟು ಚಿತ್ರದ ಉಪಾಯವನ್ನು ನಾವು ಎತ್ತಿಕೊಂಡೆವು. ದೊಡ್ಡ ಹಾಳೆ, ಸ್ಕೆಚ್ ಪೆನ್ನು, ಇಪ್ಪತ್ತು ನಿಮಿಷ. ಹೆಚ್ಚುಕಡಿಮೆ ಎಲ್ಲರೂ ಕಿಟಕಿ ಬರೆದರು. ಒಬ್ಬನಂತೂ ಹಾಳೆಯ ತುಂಬ ಪ್ಲಗ್ ಬರೆದಿದ್ದ, ಮೂಲೆಯಲ್ಲಿ ಸಣ್ಣದೊಂದು ಮೇಜು. ಎರಡು ವಾರ ಗಂಟೆಗೊಮ್ಮೆ ಮಹಡಿಯ ನಕ್ಷೆ ಹಿಡಿದು ಸುತ್ತಾಡಿ, ಯಾರು ಎಲ್ಲಿ ಕೂತಿದ್ದಾರೆ, ಒಬ್ಬರೇ ಇದ್ದಾರಾ ಗುಂಪಾ ಅಂತ ಗುರುತು ಹಾಕಿಕೊಂಡೆವು. ಈ ಕೆಲಸಕ್ಕೆ ಒಂದು ಪೆನ್ಸಿಲ್ ಸಾಕು, ಆದರೆ ಕೊನೆಗೆ ಎಲ್ಲ ಜಗಳಗಳನ್ನು ಬಗೆಹರಿಸಿದ್ದು ಆ ನಕ್ಷೆಗಳೇ.

ಜಾಗ ಎಲ್ಲಿಂದ ತರುವುದು? ಮೊದಲ ಮಹಡಿಯಲ್ಲಿ ಹಳೇ ಜರ್ನಲ್‌ಗಳ, ಅಂದರೆ ಸಂಶೋಧನಾ ಪತ್ರಿಕೆಗಳ, ಸಂಚಿಕೆಗಳನ್ನು ಒಟ್ಟಿಗೆ ಹೊಲಿದ ಬೌಂಡ್ ವಾಲ್ಯೂಮ್‌ಗಳು ಹತ್ತು ಸಾಲು ರ‍್ಯಾಕ್ ತುಂಬಿದ್ದವು. ಎಳೆದು ನೋಡಿದರೆ ಮೇಲಂಚಿನಲ್ಲಿ ಬೆರಳಿನ ಗುರುತು ಬೀಳುವಷ್ಟು ಧೂಳು. ತುಂಬಾ ಜರ್ನಲ್‌ಗಳು ಆನ್‌ಲೈನಿನಲ್ಲಿ ಸಿಗುತ್ತಿದ್ದವು. ಇಲ್ಲಿ ಒಂದು ಎಚ್ಚರಿಕೆ: 'ಆನ್‌ಲೈನ್ ಇದೆ' ಅನ್ನುವುದು ಬೇರೆ, 'ಚಂದಾ ನಿಲ್ಲಿಸಿದ ಮೇಲೂ ಹಳೇ ಸಂಚಿಕೆಗಳು ನಮಗೆ ಸಿಗುತ್ತವೆ' ಅನ್ನುವುದು ಬೇರೆ. ಒಂದೊಂದು ಜರ್ನಲ್‌ನ ಕರಾರು ತೆಗೆದು ಓದಿದೆವು. ಖಾತ್ರಿ ಇಲ್ಲದ್ದನ್ನು ಒಂದನ್ನೂ ಹೊರಗೆ ಹಾಕಲಿಲ್ಲ. ಅದಕ್ಕೇ ಮೂರು ತಿಂಗಳು ಹೋಯಿತು. ಉಳಿಸಿಕೊಂಡವನ್ನು ಹಳಿಯ ಮೇಲೆ ಸರಿಸಬಹುದಾದ ಕಾಂಪ್ಯಾಕ್ಟ್ ರ‍್ಯಾಕ್‌ಗೆ ಹಾಕಿ ಮೇಲಿನ ಮಹಡಿಗೆ ಸಾಗಿಸೋಣ ಅಂದುಕೊಂಡಿದ್ದೆ. ಎಂಜಿನಿಯರ್ ತಡೆದರು. ಓಡಾಡುವ ದಾರಿಯೇ ಇಲ್ಲದೆ ಒತ್ತಾಗಿ ನಿಲ್ಲುವ ಆ ರ‍್ಯಾಕ್‌ಗಳ ಭಾರವನ್ನು ಮೇಲಿನ ನೆಲ ತಾಳುತ್ತದೆ ಅನ್ನುವ ಭರವಸೆ ಇಲ್ಲ, ನೆಲಮಹಡಿಗೆ ಹಾಕಿ ಅಂದರು. ಸದ್ಯ, ಕೇಳಿದ್ದು ಒಳ್ಳೆಯದಾಯಿತು.

ಹಿರಿಯ ಪ್ರಾಧ್ಯಾಪಕರೊಬ್ಬರು ನೇರವಾಗಿ ನನ್ನ ಕೋಣೆಗೇ ಬಂದರು. "ಏನಮ್ಮಾ, ಪುಸ್ತಕ ಓಡಿಸಿ ಹರಟೆ ಕಟ್ಟೆ ಕಟ್ತಿದ್ದೀರಂತೆ?" ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯ ಬೆಳೆಯುವ ಜೀವಿ ಅನ್ನುವುದು. ಅದನ್ನೇ ಎತ್ತಿದರು: "ಬೆಳೆಯೋದು ಅಂದ್ರೆ ಕಡಿಮೆ ಆಗೋದಾ?" ಮೊದಲನೆಯ ಸೂತ್ರ ಪುಸ್ತಕ ಇರುವುದು ಬಳಕೆಗೆ ಅನ್ನುತ್ತದಲ್ಲ ಸರ್, ಅಂತ ನಕ್ಷೆಗಳನ್ನು ಮುಂದಿಟ್ಟೆ. ಆ ಸಾಲುಗಳ ನಡುವೆ ಎರಡು ವಾರದಲ್ಲಿ ಒಂದೂ ಗುರುತು ಬಿದ್ದಿರಲಿಲ್ಲ. ಅವರು ಒಪ್ಪಲಿಲ್ಲ, ಆದರೆ ತಮ್ಮ ವಿಷಯದ ಎರಡು ಜರ್ನಲ್‌ಗಳನ್ನು ಕೈಬಿಡಬಾರದು ಅಂತ ಪಟ್ಟಿ ಕೊಟ್ಟರು. ಅವರು ಹೇಳಿದ್ದು ಸರಿ ಇತ್ತು. ಅವು ಆನ್‌ಲೈನಿನಲ್ಲಿ ಅರ್ಧಂಬರ್ಧ ಇದ್ದವು.

ಇನ್ನು ನನ್ನ ಎಡವಟ್ಟು. ಆರು ಜನ ಕೂರುವ ದುಂಡು ಮೇಜುಗಳನ್ನು ತರಿಸಿದೆ, ನೋಡಲು ಚೆಂದ. ಮೊದಲ ದಿನವೇ ಒಬ್ಬ ಹುಡುಗ ಬಂದ, ಒಂದು ಕುರ್ಚಿಯಲ್ಲಿ ತಾನು, ಇನ್ನೊಂದರಲ್ಲಿ ಬ್ಯಾಗು, ಮೇಜಿನ ತುಂಬ ಪುಸ್ತಕ. ಅಪರಿಚಿತನ ಮೇಜಿಗೆ ಹೋಗಿ ಕೂರಲು ಯಾರಿಗೂ ಮನಸ್ಸಾಗುವುದಿಲ್ಲ, ಅಲ್ವಾ? ಆರು ಜನರ ಜಾಗ ಒಬ್ಬನಿಗೆ ಹೋಯಿತು. ದುಂಡು ಮೇಜನ್ನು ಇನ್ನೊಂದಕ್ಕೆ ಜೋಡಿಸಲೂ ಆಗುವುದಿಲ್ಲ. ಅರ್ಧದಷ್ಟನ್ನು ವಾಪಸ್ ಕೊಟ್ಟು, ಇಬ್ಬರು ಕೂರುವ ಚಕ್ರದ ಮೇಜು ತಂದೆವು. ಈಗ ಮೂವರಿದ್ದರೆ ಎರಡು ಮೇಜು, ಎಂಟು ಜನ ಇದ್ದರೆ ನಾಲ್ಕು, ಅವರೇ ತಳ್ಳಿಕೊಳ್ಳುತ್ತಾರೆ. ರಾತ್ರಿ ಬೀಗ ಹಾಕುವಾಗ ಕೋಣೆ ಚೆಲ್ಲಾಪಿಲ್ಲಿ ಇರುತ್ತದೆ. ಮೊದಮೊದಲು ನಮ್ಮ ಅಟೆಂಡರ್ ಬೈದುಕೊಂಡು ಸಾಲಾಗಿ ಜೋಡಿಸುತ್ತಿದ್ದರು. ಆಮೇಲೆ ಬಿಟ್ಟುಬಿಟ್ಟರು. ಬಿಳಿ ಬೋರ್ಡ್‌ಗಳಿಗೂ ಚಕ್ರ ಹಾಕಿಸಿದೆವು. ಅವು ಬರೆಯುವುದಕ್ಕಿಂತ ಜಾಸ್ತಿ ಗುಂಪು ಗುಂಪುಗಳ ನಡುವೆ ಅಡ್ಡಗೋಡೆಯ ಥರ ಬಳಕೆಯಾಗುತ್ತವೆ.

ಸದ್ದು ನಮ್ಮನ್ನು ತುಂಬಾ ಕಾಡಿತು. ಪಿಸುಮಾತು ಸುಮಾರು 30 ಡೆಸಿಬೆಲ್, ಮಾಮೂಲಿ ಮಾತು ಸುಮಾರು 60. ಪ್ರತಿ 10 ಡೆಸಿಬೆಲ್‌ಗೆ ಸದ್ದು ಕಿವಿಗೆ ಹೆಚ್ಚುಕಡಿಮೆ ಇಮ್ಮಡಿ ಅನ್ನಿಸುತ್ತದೆ. ತೆರೆದ ಮೆಟ್ಟಿಲ ದಾರಿಯಿಂದ ಕೆಳಗಿನ ಮಾತೆಲ್ಲ ಮೇಲಿನ ಮೌನದ ಕೋಣೆಗೆ ಹತ್ತಿ ಹೋಗುತ್ತಿತ್ತು. ದೂರುಗಳು ಬಂದವು. 'ಮೆಲ್ಲಗೆ ಮಾತಾಡಿ' ಫಲಕ ಹಾಕಿದೆವು, ಯಾರೂ ಓದಲಿಲ್ಲ. ಕೆಲಸಕ್ಕೆ ಬಂದದ್ದು ಮೂರು. ಮೆಟ್ಟಿಲ ಬಾಯಿಗೆ ತಾನೇ ಮುಚ್ಚಿಕೊಳ್ಳುವ ಬಾಗಿಲು. ಮಾತಿನ ಕಡೆಯ ನೆಲಕ್ಕೆ ಕಾರ್ಪೆಟ್, ಅದರಿಂದ ಕುರ್ಚಿ ಎಳೆಯುವ ಕಿರಿಚಾಟ ನಿಂತಿತು. ಮತ್ತೆ, ಇದು ನನಗೆ ಬಹಳ ಇಷ್ಟವಾದದ್ದು, ಉಳಿದ ಎರಡು ಸಾಲು ಪುಸ್ತಕದ ರ‍್ಯಾಕ್‌ಗಳನ್ನು ಬಾಗಿಲಿಗೂ ಮೇಜುಗಳಿಗೂ ಮಧ್ಯೆ ನಿಲ್ಲಿಸಿದ್ದು. ಒತ್ತಾಗಿ ಜೋಡಿಸಿದ ಪುಸ್ತಕ ಸದ್ದನ್ನು ಚೆನ್ನಾಗಿ ನುಂಗುತ್ತದೆ. ಪ್ರಾಧ್ಯಾಪಕರ ಎರಡು ಜರ್ನಲ್‌ಗಳೂ ಅಲ್ಲೇ ಇವೆ.

ನಿಯಮಗಳನ್ನು ಕಡಿಮೆ ಇಟ್ಟೆವು. ಬಾಗಿಲಿರುವ ಮೂರು ಸಣ್ಣ ಕೋಣೆಗಳಿಗೆ ಮಾತ್ರ ಬುಕಿಂಗ್, ಹದಿನೈದು ನಿಮಿಷ ಯಾರೂ ಬರದಿದ್ದರೆ ಕಾಯುತ್ತಿರುವವರಿಗೆ. ಒಬ್ಬ ಸಿಬ್ಬಂದಿ ಅಲ್ಲೇ ಸಣ್ಣ ಮೇಜಿನ ಹಿಂದೆ ಕೂರುತ್ತಾರೆ. ದೊಡ್ಡ ಕೌಂಟರ್‌ಗೆ ಬಂದು ಕೇಳದ ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಇಲ್ಲಿ ಕೇಳುತ್ತಾರೆ: ಈ ಲೇಖನ ಹೇಗೆ ಸಿಗುತ್ತೆ, ಉಲ್ಲೇಖ ಹೇಗೆ ಬರೆಯೋದು.

ಒಂದು ವಿಷಯ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಮೇಲಿನ ಮಹಡಿ ತುಂಬಿ, ಒಂಟಿಯಾಗಿ ಓದುವವರು ಇಲ್ಲಿಗೆ ಇಳಿಯುತ್ತಾರೆ. ಇಡೀ ಜಾಗ ತಾನಾಗಿ ಮೌನವಾಗುತ್ತದೆ. ಆಗ ಯಾರಾದರೂ ಬಾಯಿ ಬಿಟ್ಟರೆ ಹತ್ತು ಜನ ತಿರುಗಿ ದುರುಗುಟ್ಟಿ ನೋಡುತ್ತಾರೆ. ಗುಂಪಿನವರು ಸದ್ದಿಲ್ಲದೆ ಲ್ಯಾಪ್‌ಟಾಪ್ ಮುಚ್ಚಿಕೊಂಡು ಮತ್ತೆ ಅದೇ ಮೆಟ್ಟಿಲ ತಿರುವಿಗೆ ಹೋಗಿ ಕೂರುತ್ತಾರೆ. ಈ ಸಲ ಹೋಗಿ ಅವರನ್ನು ಎಬ್ಬಿಸಿದೆ, ನಮ್ಮ ಸಿಬ್ಬಂದಿಯ ಸಭೆಯ ಕೋಣೆಯ ಬೀಗದಕೈ ಕೊಡುವುದಕ್ಕೆ.