ಶಾಲೆಗೆ ರಜೆ ಇದ್ದಾಗ ಮಕ್ಕಳ ಊಟ: ಅಮೆರಿಕದಲ್ಲಿ ಆ ಫಾರ್ಮ್ ಬಿಡಬೇಡಿ

ಅಮೆರಿಕದ ಪಬ್ಲಿಕ್ ಶಾಲೆಗಳಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಊಟ ಉಚಿತ, ಇಲ್ಲವೇ ಕಡಿಮೆ ದರ. ಶಾಲೆಯೇ ಮುಚ್ಚಿದರೆ? 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಎಷ್ಟೋ ಕಡೆ ಸ್ಕೂಲ್ ಬಸ್ಸುಗಳೇ ಊಟದ ಪೊಟ್ಟಣ ಹೊತ್ತು ಮನೆ ಹತ್ತಿರ ಬಂದವು. ದಿನಸಿ ಕೊಳ್ಳಲು ಸರ್ಕಾರವೇ ಹಣ ತುಂಬಿದ ಪಿ-ಇಬಿಟಿ ಎಂಬ ಕಾರ್ಡನ್ನೂ ಕೊಟ್ಟರು. ಆ ಕಾರ್ಡೇ 2024ರಿಂದ ಬೇಸಿಗೆ ರಜೆಗೆ ಸನ್ ಬಕ್ಸ್ ಎಂಬ ಹೆಸರಲ್ಲಿ ಕಾಯಂ ಆಯಿತು. ಮೊದಲ ವರ್ಷ ಒಂದು ಮಗುವಿಗೆ 120 ಡಾಲರ್ ಸಿಕ್ಕಿತು. ಎಲ್ಲ ರಾಜ್ಯಗಳೂ ಇದಕ್ಕೆ ಸೇರಿಲ್ಲ, ಮೊದಲು ನಿಮ್ಮ ರಾಜ್ಯ ಸೇರಿದೆಯೇ ನೋಡಿಕೊಳ್ಳಿ.

ಐಟಿ ಸಂಬಳದವರಿಗೆ ಇದು ಯಾಕೆ ಅಂತೀರಾ? ಸ್ಟೈಪೆಂಡ್‌ನಲ್ಲೇ ಸಂಸಾರ ನಡೆಸುವ ಪಿಎಚ್‌ಡಿ ವಿದ್ಯಾರ್ಥಿಗಳೂ ಅಮೆರಿಕದ ನಮ್ಮ ಜನರಲ್ಲಿದ್ದಾರೆ, ಲೇಆಫ್ ಆದವರೂ ಇದ್ದಾರೆ. ಶಾಲೆಯ ಊಟದ ಅರ್ಜಿಗೆ ಈಗಿನ ಆದಾಯವೇ ಲೆಕ್ಕ, ಹೋದ ವರ್ಷದ್ದಲ್ಲ. ವರ್ಷದ ನಡುವೆ ಕೆಲಸ ಹೋದರೂ ಹಾಕಬಹುದು. ಕುಟುಂಬದ ಆದಾಯ ಕೇಂದ್ರ ಸರ್ಕಾರದ ಬಡತನ ರೇಖೆಯ 185 ಶೇಕಡಾ ಒಳಗಿರಬೇಕು.

ಜಾಸ್ತಿ ಜನ ತಪ್ಪಿಸಿಕೊಳ್ಳುವುದು ಇಲ್ಲಿ. ಕೆಲವು ಶಾಲೆಗಳಲ್ಲಿ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಂತೂ ಇಡೀ ರಾಜ್ಯದಲ್ಲೇ, ಎಲ್ಲ ಮಕ್ಕಳಿಗೂ ಊಟ ಉಚಿತ. ಹಾಗಾಗಿ ಆದಾಯದ ಫಾರ್ಮ್ ಯಾರೂ ತುಂಬುವುದಿಲ್ಲ. ಆದರೆ ಬೇಸಿಗೆಯ ಕಾರ್ಡಿಗೆ ಆದಾಯದ ದಾಖಲೆ ಬೇಕು. ದಿನಸಿಗೆ ನೆರವು ಕೊಡುವ ಸ್ನ್ಯಾಪ್‌ನಂಥ ಸರ್ಕಾರಿ ಯೋಜನೆಯಲ್ಲಿ ಇರುವವರಿಗೆ ತಾನಾಗಿ ಬರುತ್ತದೆ, ಉಳಿದವರು ಅರ್ಜಿ ಹಾಕಲೇಬೇಕು. ಕಾರ್ಡ್ ಅಂಚೆಯಲ್ಲಿ ಬರುವುದರಿಂದ ಮನೆ ಬದಲಿಸಿದ್ದರೆ ಶಾಲೆಗೆ ಹೊಸ ವಿಳಾಸ ಕೊಡಿ.

ಅರ್ಜಿಯಲ್ಲಿ ವೀಸಾ ಯಾವುದೆಂದು ಕೇಳುವುದಿಲ್ಲ. ಮಗುವಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಬೇಕಾಗಿಲ್ಲ. ಶಾಲೆಯ ಫಾರ್ಮಿನಲ್ಲಿ ದೊಡ್ಡವರೊಬ್ಬರ ಆ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳುತ್ತಾರೆ, ಇಲ್ಲದಿದ್ದರೆ ಇಲ್ಲ ಎಂದು ಗುರುತು ಹಾಕಿದರಾಯಿತು. ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿದ್ದರೆ ನಿಮ್ಮ ವಕೀಲರನ್ನೂ ಒಂದು ಮಾತು ಕೇಳಿ. ವಾಟ್ಸಾಪ್ ಗುಂಪಿನ ಸಲಹೆ ಸಾಲದು.

ಕಾರ್ಡಿನಲ್ಲಿ ಅಕ್ಕಿ, ಬೇಳೆ, ತರಕಾರಿ, ಹಾಲು ಕೊಳ್ಳಬಹುದು. ಬಿಸಿ ತಿಂಡಿ, ಸೋಪು ಆಗುವುದಿಲ್ಲ. ಇಬಿಟಿ ಎಂಬ ಈ ಬಗೆಯ ಕಾರ್ಡ್ ತೆಗೆದುಕೊಳ್ಳುವ ಇಂಡಿಯನ್ ಸ್ಟೋರ್ ಇದ್ದರೆ ಅಲ್ಲೂ ನಡೆಯುತ್ತದೆ. ಸಸ್ಯಾಹಾರಿ ಮನೆಗಳಿಗೆ ಶಾಲೆಯ ತಟ್ಟೆಗಿಂತ ಇದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಹಣವನ್ನು ಕೂಡಿಡಲು ಹೋಗಬೇಡಿ, 122 ದಿನಕ್ಕೆ ಉಳಿದದ್ದು ವಾಪಸ್ ಹೋಗುತ್ತದೆ.

ಇದಲ್ಲದೆ ಬೇಸಿಗೆಯಲ್ಲಿ ಎಲ್ಲರಿಗೂ ತೆರೆದಿರುವ ಊಟದ ಕೇಂದ್ರಗಳಿವೆ. ಅಲ್ಲಿ 18 ವರ್ಷದವರೆಗಿನವರಿಗೆ ಅರ್ಜಿ ಇಲ್ಲದೆ ಊಟ. ಸಾಮಾನ್ಯವಾಗಿ ಅಲ್ಲೇ ಕೂತು ತಿನ್ನಬೇಕು. ಕೆಲವು ಹಳ್ಳಿಗಾಡಿನ ಕಡೆ ಮಾತ್ರ ಕಟ್ಟಿಸಿಕೊಂಡು ಮನೆಗೆ ತರಬಹುದು.