ಮುತ್ತಾತನ ತೋಟದ ಚರಿತ್ರೆ: ದಾಖಲೆಗಳಲ್ಲಿ ನಾನು ಹುಡುಕಿದ ಬಗೆ

ಸೇಲಂ ಕಡೆಯಿಂದ ಆನೇಕಲ್ ತಾಲೂಕಿಗೆ ಬಂದು ನೆಲೆಸಿದ ಮುತ್ತಾತ ಕಟ್ಟಿದ ತೋಟ ಅದು. ಅದರ ಚರಿತ್ರೆಯನ್ನು ನಾನು ಈಗಿನ ಪಹಣಿಯಿಂದ ಹಿಂದಕ್ಕೆ ಹುಡುಕುತ್ತಾ ಹೋದೆ. ಖಾತೆದಾರರ ಹೆಸರಿನ ಜೊತೆಗಿರುವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರು ಹಿಡಿದು ಮ್ಯುಟೇಶನ್, ಅಂದರೆ ಖಾತೆ ಬದಲಾದ ದಾಖಲೆ ತೆಗೆಸಿದರೆ ಜಮೀನು ಪೌತಿಯಿಂದ (ಹಿಂದಿನವರು ತೀರಿಕೊಂಡ ಮೇಲೆ ವಾರಸಾಗಿ) ಬಂತೋ, ವಿಭಾಗದಿಂದಲೋ, ಕ್ರಯದಿಂದಲೋ ಗೊತ್ತಾಗುತ್ತದೆ. ಕಂಪ್ಯೂಟರ್ ಪಹಣಿಗಿಂತ ಹಿಂದಿನದಕ್ಕೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನ ದಾಖಲೆಗಳನ್ನು ನೋಡಬೇಕು: ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ), ಆರ್.ಆರ್. (ಹಕ್ಕು ದಾಖಲೆ) ನಕಲು.

ಈ ಹಳೆಯ ನಕಲುಗಳಿಗೆ ಹಾಕುವ ಅರ್ಜಿಯಲ್ಲಿ ಹಿಸ್ಸಾ (ಸರ್ವೆ ನಂಬರಿನ ಭಾಗ) ನಂಬರು ಮಾತ್ರ ಬರೆದರೆ 'ದಾಖಲೆ ಲಭ್ಯವಿಲ್ಲ' ಅಂತ ಹಿಂಬರಹ ಬರಬಹುದು. ಈಗಿನ 42/3 ಪೋಡಿಗೆ, ಅಂದರೆ ಅಳೆದು ಭಾಗ ಮಾಡುವುದಕ್ಕೆ ಮೊದಲು ಬರೀ 42 ಆಗಿತ್ತು. ಮೂಲ ಸರ್ವೆ ನಂಬರನ್ನೂ ಬರೆಯಿರಿ. ಹಿಸ್ಸಾಗಳ ವಿಸ್ತೀರ್ಣ ಕೂಡಿಸಿ ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಇರುವ ದಾಖಲೆ) ಜೊತೆ ತಾಳೆ ನೋಡುವಾಗ 40 ಗುಂಟೆಗೆ ಒಂದು ಎಕರೆ ಅನ್ನೋದು ನೆನಪಿರಲಿ. 1-25 (ಒಂದು ಎಕರೆ 25 ಗುಂಟೆ) ಮತ್ತು 1-20 ಕೂಡಿದರೆ 3-05. ಖರಾಬನ್ನು (ಸಾಗುವಳಿಗೆ ಬಾರದ ನೆಲ) ಬೇರೆಯಾಗಿಯೇ ಬರೆದಿಟ್ಟುಕೊಳ್ಳಿ.

ಹೆಸರುಗಳದ್ದು ದೊಡ್ಡ ತೊಡಕು. ಮುತ್ತಾತನ ಹೆಸರು ಒಂದು ಕಡೆ ಮುನಿಸ್ವಾಮಿ, ಇನ್ನೊಂದು ಕಡೆ ಮುನಿಶಾಮಿ, ಮತ್ತೊಂದು ಕಡೆ ಶಾಮಣ್ಣ. 'ಬಿನ್' ಆದಮೇಲೆ ತಂದೆಯ ಹೆಸರು, 'ಕೋಂ' ಆದಮೇಲೆ ಗಂಡನ ಹೆಸರು ಇರುತ್ತದೆ. ಅದು ಹೊಂದದೆ ಇಬ್ಬರನ್ನು ಒಬ್ಬರೇ ಅಂದುಕೊಳ್ಳಬೇಡಿ.

ಇಡೀ ಹುಡುಕಾಟದಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಕ್ರಯಪತ್ರದ ಚೆಕ್ಕುಬಂದಿ, ಅಂದರೆ ಜಮೀನಿನ ಸುತ್ತಲಿನ ಎಲ್ಲೆಗಳ ವಿವರ. 'ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ಕಾಲುವೆ, ಉತ್ತರಕ್ಕೆ ಮುನಿಸ್ವಾಮಿ ತೋಟ'. ಈ ಸಾಲು ಸಿಕ್ಕಿದ್ದು ನಮ್ಮ ಪತ್ರದಲ್ಲಲ್ಲ, ಪಕ್ಕದ ಜಮೀನಿನವರ ಪತ್ರದಲ್ಲಿ. ಸ್ವಂತ ಪತ್ರ ಕಳೆದುಹೋಗಿದ್ದರೂ ನಾಲ್ಕು ದಿಕ್ಕಿನ ನೆರೆಯವರ ಪತ್ರಗಳಲ್ಲಿ ನಿಮ್ಮ ಹಿರಿಯರು ಎಲ್ಲೆಯಾಗಿ ಉಳಿದಿರುತ್ತಾರೆ. ಆ ಪತ್ರದ ತಾರೀಖಿನ ಹೊತ್ತಿಗೆ ಅವರು ಅಲ್ಲಿದ್ದರು ಅನ್ನೋದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ನನಗೆ ಸಿಗಲಿಲ್ಲ.

ಊರು ಇನಾಂ ಗ್ರಾಮವಾಗಿದ್ದರೆ (ಅರಸರು ಯಾರಿಗಾದರೂ ದತ್ತಿಯಾಗಿ ಕೊಟ್ಟದ್ದು) ಇನ್ನೂ ಎಚ್ಚರ ಬೇಕು. ಮೈಸೂರು ಇನಾಂ ರದ್ದಿಯಾತಿ ಕಾಯ್ದೆ 1954ರದು. ಅದು ಜಾರಿಯಾಗಿ ಜಮೀನು ಗೇಣಿದಾರರ ಹೆಸರಿಗೆ ಆಗುವ ತನಕ ದಾಖಲೆಯಲ್ಲಿ ಇನಾಂದಾರರ ಹೆಸರೇ ಇರಬಹುದು. ಆಮೇಲೆ ಹೆಸರು ಬಂತೆಂದು ವಲಸೆಯೂ ಆಗಲೇ ಅಂತ ಬರೆದರೆ ಒಂದು ತಲೆಮಾರೇ ಅಳಿಸಿಹೋಗುತ್ತದೆ.

ಕೊನೆಗೆ ಜಮೀನಿನ ತರಹೆ (ಬಗೆ) ನೋಡಿ. ಕುಷ್ಕಿ (ಮಳೆಯಾಶ್ರಿತ) ಅಂತಿದ್ದದ್ದು ಬಾಗಾಯ್ತು (ನೀರಾವರಿ ತೋಟ) ಆಗಿದ್ದರೆ, ಆ ಎರಡು ದಾಖಲೆಗಳ ನಡುವಿನ ವರ್ಷಗಳಲ್ಲಿ ಬಾವಿ ತೋಡಿರಬಹುದು. ದಾಖಲೆ ತಿದ್ದುವುದು ತಡವಾಗಿರಬಹುದು, ಹಾಗಾಗಿ ಅದಕ್ಕೂ ಹಿಂದಿನ ಪಹಣಿಗಳಲ್ಲಿ ಬೆಳೆಯ ಕಾಲಂ ಓದಿ. ರಾಗಿ, ಹುರುಳಿ ಇದ್ದ ಕಡೆ ತರಕಾರಿ ಯಾವ ವರ್ಷ ಬಂತೋ ಗುರುತು ಹಾಕಿಕೊಳ್ಳಿ.